ಸಮುದಾಯದಲ್ಲಿ ಹತ್ತಿದ್ದು

ಆ ಮಂಗಳವಾರ ಹತ್ತು ಗಂಟೆಯಾದರೂ ಶಿವಲಿಂಗಪ್ಪನ ಹಿಟ್ಟಿನ ಗಿರಣಿ ಶುರುವಾಗಲಿಲ್ಲ. ಜೋಳದ ಡಬ್ಬಿ, ಗೋದಿಯ ಚೀಲ ಹಿಡಿದು ಬಂದ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕುಳಿತು ಮುಚ್ಚಿದ ಬಾಗಿಲನ್ನೇ ನೋಡತೊಡಗಿದರು. ಹಳಿಯಾಳದ ಆ ಓಣಿಯಲ್ಲಿ ಗಿರಣಿಯ ಸದ್ದಿಲ್ಲದೆ ಬೆಳಗಾಯಿತೆಂದರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಯಾರೋ ತೀರಿಕೊಂಡಿರಬೇಕು. ಕರೆಂಟು ಇತ್ತು. ಆದ್ದರಿಂದ ಹೆಂಗಸರು ದನಿ ತಗ್ಗಿಸಿ ಮಾತಾಡತೊಡಗಿದರು.

ಗಿರಣಿಯ ಹಿಂದಿನ ಮನೆಯಲ್ಲಿ ಶಿವಲಿಂಗಪ್ಪ ಮೂರು ಕಂಬಳಿ ಹೊದ್ದು ನಡುಗುತ್ತಿದ್ದ. ಐವತ್ತೆಂಟು ವರ್ಷದ ಮನುಷ್ಯ, ಎರಡು ದಿನದಿಂದ ಕೆಮ್ಮು. ಮೂವತ್ತು ವರ್ಷ ಹಿಟ್ಟು ಕುಡಿದ ಎದೆ ಕೆಮ್ಮದೆ ಇನ್ನೇನು ಮಾಡೀತು ಎಂದು ಅವನು ವಾದಿಸುತ್ತ ಬಂದಿದ್ದ. ಆ ಬೆಳಿಗ್ಗೆ ಕೆಮ್ಮಿದಾಗ ಇಟ್ಟಂಗಿ ಬಣ್ಣದ ಕಫ ಬಿತ್ತು. ಹಿಟ್ಟು ಬೆಳ್ಳಗಿರುತ್ತದೆ ಎಂದು ಹೆಂಡತಿ ಕಾಶೆವ್ವ ಹೇಳಿದಳು. ಅವಳು ಆಟೋ ಕರೆಸಿದಳು.

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ಶಿವಲಿಂಗಪ್ಪನ ಕಿವಿಗಳು ಗಿರಣಿಯ ಸದ್ದಿನಲ್ಲಿ ಎಂದೋ ಸವೆದುಹೋಗಿದ್ದವು. ಅದನ್ನು ಅವನು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಎದುರಿನವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದ, ಉಳಿದರ್ಧವನ್ನು ತಾನೇ ಕಟ್ಟಿಕೊಂಡು, "ಹೌದ್ರಿ, ಬರೋಬ್ಬರಿ" ಎಂದು ತಲೆಯಾಡಿಸುತ್ತಿದ್ದ. ಬೇಕಾದ ಕಡೆಗೆಲ್ಲ ಕಾಶೆವ್ವ ಜೊತೆಗೆ ಹೋಗಿ, ಆಮೇಲೆ ಮನೆಯಲ್ಲಿ ಏನೋ ನೆನಪಾದವಳ ಹಾಗೆ ಎಲ್ಲವನ್ನೂ ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದಳು. ಸಂಸಾರ ಹೀಗೆ ಮೂವತ್ತು ವರ್ಷ ನಡೆದಿತ್ತು. ಆದರೆ ಅಂದು ದವಾಖಾನೆಯಲ್ಲಿ ಎಕ್ಸ್‌ರೇ ಫೋಟೋ ತರಲು ಕಾಶೆವ್ವ ಸಾಲಿನಲ್ಲಿ ನಿಂತಿದ್ದಳು. ಫೋಟೋ ಒಳದಾರಿಯಿಂದ ನೇರವಾಗಿ ಡಾಕ್ಟರ ಕೈ ಸೇರಿತ್ತು. ಶಿವಲಿಂಗಪ್ಪ ಒಬ್ಬನೇ ಒಳಗೆ ಹೋದ.

ಡಾಕ್ಟರ್ ಸಹನಾ ಮುಂಡಗೋಡ ಕಡೆಯ ಹುಡುಗಿ, ಹಳಿಯಾಳಕ್ಕೆ ಬಂದು ಎರಡು ತಿಂಗಳಾಗಿತ್ತು. ಮೂಗಿನಿಂದ ಗದ್ದದವರೆಗೆ ಮಾಸ್ಕು. ತುಟಿ ಕಾಣುವಂತಿರಲಿಲ್ಲ. ಬಲಗಡೆಯ ಪುಪ್ಪುಸದ ಬುಡದಲ್ಲಿ ಬಿಳಿ ಕಲೆ ಇದೆ, ಇದು ನ್ಯುಮೋನಿಯಾ, ಆದರೆ ದೊಡ್ಡ ದವಾಖಾನೆಗಳಲ್ಲಿ ಮಲಗಿದವರಿಗೆ ಹತ್ತುವ ಹಟಮಾರಿ ಜಾತಿಯದಲ್ಲ, ಹೊರಗೆ ಸಮುದಾಯದಲ್ಲಿ ಹತ್ತುವಂಥದ್ದು, ಸಾದಾ ಔಷಧಕ್ಕೆ ಬಗ್ಗುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ದಿನಕ್ಕೆ ಮೂರರಂತೆ ಏಳು ದಿನ, ಒಟ್ಟು ಇಪ್ಪತ್ತೊಂದು ಗುಳಿಗೆ, ಜ್ವರ ಇಳಿದರೂ ಬಿಡಬಾರದು, ಉಸಿರು ಕಟ್ಟಿದರೆ ಆ ಕ್ಷಣವೇ ಬರಬೇಕು ಎಂದಳು. ಇದರಲ್ಲಿ ಶಿವಲಿಂಗಪ್ಪನ ಕಿವಿಯವರೆಗೆ ಬಂದು ಮುಟ್ಟಿದ್ದು ಇಷ್ಟು: ನ್ಯುಮೋನಿಯಾ, ದಿನಕ್ಕೆ ಮೂರು, ಸಮುದಾಯದಾಗ ಹತ್ತಿದ್ದು, ಬಿಡಬ್ಯಾಡ್ರಿ.

"ಹೌದ್ರಿ, ಬರೋಬ್ಬರಿ" ಎಂದು ಅವನು ಎದ್ದು ಬಂದ. ರೋಗದ ಹೆಸರಿಗಿಂತ ಹೆಚ್ಚಾಗಿ ಅವನನ್ನು ಹೆದರಿಸಿದ್ದು ಸಮುದಾಯ ಎಂಬ ಮಾತು.

ಏಕೆಂದರೆ ಆ ಓಣಿಯವರ ಮಟ್ಟಿಗೆ ಸಮುದಾಯ ಎಂದರೆ ಒಂದೇ. ಓಣಿಯ ತುದಿಗೆ ಮಂದಿಯೆಲ್ಲ ಸೇರಿ ಕಟ್ಟಿಸಿದ ಸಮುದಾಯ ಭವನ. ಭವನ ಎಂಬ ಬಾಲವನ್ನು ಯಾರೂ ಹಚ್ಚುತ್ತಿರಲಿಲ್ಲ. ಮದುವೆ ಎಲ್ಲಿ ಎಂದರೆ ಸಮುದಾಯದಾಗ, ಪೋಲಿಯೋ ಹನಿ ಎಲ್ಲಿ ಎಂದರೆ ಸಮುದಾಯದಾಗ. ಆರು ವರ್ಷದಿಂದ ಅದರ ಕಾರ್ಯದರ್ಶಿ ಶಿವಲಿಂಗಪ್ಪ. ಹೋದ ಭಾನುವಾರವಷ್ಟೇ ಅಲ್ಲಿ ಒಂದು ತೊಟ್ಟಿಲ ಕಾರ್ಯಕ್ರಮವಿತ್ತು, ಮುನ್ನೂರು ಜನ ಉಂಡಿದ್ದರು. ಅಡುಗೆಮನೆಯ ಬಾಗಿಲ ಬಳಿ ಅವನು ನಾಲ್ಕು ತಾಸು ಕುಳಿತಿದ್ದ. ಸರಿಯಾಗಿ ನೆನಪಿಸಿಕೊಂಡರೆ ಆಗಲೇ ಬೆನ್ನಿಗೆ ಏನೋ ತಣ್ಣಗೆ ತಾಗಿದಂತಾಗಿತ್ತು.

ಆದರೂ ಅವನು ಆತುರದ ಮನುಷ್ಯನಲ್ಲ. ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟು, ಮೇಲಿನ ಇಂಗ್ಲಿಷ್ ಸಾಲಿನಲ್ಲಿ ಏನು ಬರೆದಿದೆ ಎಂದು ವಿಚಾರಿಸಿದ. ಅಂಗಡಿಯವನು ಗುಳಿಗೆ ಹುಡುಕುತ್ತಲೇ ಗಟ್ಟಿಯಾಗಿ ಓದಿದ.

"ಕಮ್ಯುನಿಟಿ ಅಂತ ಐತ್ರಿ. ಅಂದ್ರ ಸಮುದಾಯ. ಸಮುದಾಯದಿಂದ ಬಂದ ನ್ಯುಮೋನಿಯಾ."

ಬರಹದಲ್ಲೇ ಇದೆ ಎಂದ ಮೇಲೆ ಸಂಶಯವೆಲ್ಲಿ ಉಳಿಯಿತು? ಡಾಕ್ಟರು ಬಿಡಬೇಡಿ ಎಂದದ್ದರ ಅರ್ಥವೂ ಆಗ ಸ್ಪಷ್ಟವಾಯಿತು. ಒಳಗೆ ಯಾರನ್ನೂ ಬಿಡಬೇಡಿ.

ಇದನ್ನು ಅವನು ಕಾಶೆವ್ವನಿಗೆ ಹೇಳಲಿಲ್ಲ. ಹೇಳಿದರೆ ಅವಳು ಹೆದರುತ್ತಾಳೆ ಎಂದುಕೊಂಡ. ಮೇಲಾಗಿ ಬರುವ ಭಾನುವಾರ ಅದೇ ಸಮುದಾಯದಲ್ಲಿ ಅವನ ತಮ್ಮ ಲೋಕೇಶನ ಮಗಳು ಸುಮಿತಾಳ ಮದುವೆ ಇತ್ತು. ಕಾಶೆವ್ವ ಗಂಡನಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಲು ಹೇಳಿ, ದಿನವಿಡೀ ಮೈದುನನ ಮನೆಯಲ್ಲಿ ಮದುವೆಯ ಸಿಹಿ ಉಂಡಿ ಕಟ್ಟುತ್ತಿದ್ದಳು.

ಬುಧವಾರ ಬೆಳಿಗ್ಗೆ ಶಿವಲಿಂಗಪ್ಪ ಕಿವಿಗೆ ಮಫ್ಲರು ಸುತ್ತಿ, ಮೂಗಿಗೆ ಟವೆಲು ಕಟ್ಟಿ, ಸಮುದಾಯದ ಬಾಗಿಲಿಗೆ ದೊಡ್ಡ ಕೀಲಿ ಜಡಿದ. ಭವನದ ಹಿಂದಿನ ಕೋಣೆಯಲ್ಲಿ ಕಾವಲುಗಾರ ಲಾಲಪ್ಪ ಹೆಂಡತಿ ಜಮುನಾಬಾಯಿಯೊಂದಿಗೆ ಇರುತ್ತಿದ್ದ. ಮುಂಡಗೋಡ ಹತ್ತಿರದ ತಾಂಡಾದವನು. ಅವರೂ ಖಾಲಿ ಮಾಡಬೇಕು, ಒಳಗೆ ರೋಗವಿದೆ ಎಂದು ಶಿವಲಿಂಗಪ್ಪ ತಿಳಿಸಿದ.

"ಒಳಗ ರೋಗ ಇದ್ರ ಮೊದಲ ನಮಗ ಹತ್ತಬೇಕಿತ್ತಲ್ರಿ ಸಾವ್ಕಾರ್ರ" ಎಂದ ಲಾಲಪ್ಪ. "ನಾಕು ವರ್ಷ ಆತು, ಇಲ್ಲೇ ಮಲಗ್ತೇವಿ."

ನಿಮಗೆ ರೂಢಿಯಾಗಿರಬಹುದು ಎಂದು ಶಿವಲಿಂಗಪ್ಪ ಸಮಾಧಾನ ಹೇಳಿದ. ಗಂಡ ಹೆಂಡತಿ ಒಂದು ಟ್ರಂಕು, ಒಂದು ಸ್ಟೋವು ಹೊತ್ತು, ಎದುರಿನ ಮುಚ್ಚಿದ ಸೈಕಲ್ ಅಂಗಡಿಯ ಜಗುಲಿಗೆ ಹೋದರು. ಜಮುನಾಬಾಯಿ ಒಂದು ಮಾತೂ ಆಡಲಿಲ್ಲ. ಅದು ಶಿವಲಿಂಗಪ್ಪನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಕಷ್ಟವನ್ನು ಮರೆಯಲು ಅವನು ನೋಟೀಸು ಬರೆಯಲು ಕುಳಿತ. ಆಫೀಸಿನ ಕನ್ನಡದಲ್ಲಿ ಅವನದು ಒಳ್ಳೆಯ ಕೈ.

"ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಹಳಿಯಾಳದ ನಮ್ಮ ಸಮುದಾಯದಲ್ಲಿ ನ್ಯುಮೋನಿಯಾ ರೋಗವಿರುವುದು ವೈದ್ಯಕೀಯವಾಗಿ ದೃಢಪಟ್ಟಿರುತ್ತದೆ. ಕಾರಣ ಮುಂದಿನ ಆದೇಶದವರೆಗೆ ಸಮುದಾಯದೊಂದಿಗೆ ಯಾವುದೇ ಸಂಪರ್ಕ ಇಟ್ಟುಕೊಳ್ಳತಕ್ಕದ್ದಲ್ಲ. ಕಾರ್ಯದರ್ಶಿ."

ಕೆಳಗೆ ಭವನದ ರಬ್ಬರ್ ಠಸ್ಸೆ ಒತ್ತಿ, ಬಾಗಿಲ ಮೇಲ್ಗಡೆ ಅಂಟಿಸಿದ. ಠಸ್ಸೆ ಇಲ್ಲದಿದ್ದರೆ ಬಹುಶಃ ಇಷ್ಟೆಲ್ಲ ಆಗುತ್ತಿರಲಿಲ್ಲ. ಅದನ್ನು ನೋಡಿ ಕಾಶೆವ್ವ ಕೂಡ ಡಾಕ್ಟರೇ ಹೇಳಿರಬೇಕೆಂದು ನಂಬಿದಳು.

ಗುರುವಾರದ ಹೊತ್ತಿಗೆ ಓಣಿ ಬೇರೆಯೇ ಆಗಿತ್ತು. ಕೊರೋನಾ ಕಾಲದ ಮಾಸ್ಕುಗಳು ಕಪಾಟಿನಿಂದ, ಹಾಸಿಗೆಯ ಅಡಿಯಿಂದ, ಒಂದು ಮನೆಯಲ್ಲಂತೂ ಉಪ್ಪಿನಕಾಯಿ ಭರಣಿಯ ಬಾಯಿಯಿಂದ ಹೊರಬಂದವು. ಯಾವುದೋ ಕಚೇರಿಯ ಮನುಷ್ಯನೊಬ್ಬ ಬೈಕಿನಿಂದ ಇಳಿಯದೆ ನೋಟೀಸಿನ ಫೋಟೋ ಹೊಡೆದುಕೊಂಡು ಹೋದ. ಮಧ್ಯಾಹ್ನದೊಳಗೆ ಅದು ಎಲ್ಲರ ಫೋನಿಗೂ ಬಂತು. ಭಾನುವಾರ ತೊಟ್ಟಿಲಿಗೆ ಹೋಗಿ ಉಂಡವರೆಲ್ಲ ತಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಕೈಯಿಟ್ಟು ನೋಡಿದರೆ ಯಾರ ಎದೆಯಾದರೂ ಬಡಿಯುತ್ತಲೇ ಇರುತ್ತದೆ. ಆ ಬಡಿತವೂ ಅಂದು ಅನುಮಾನಕ್ಕೆ ಕಾರಣವಾಯಿತು.

ಮೊದಲು ಬಂದವಳು ಎದುರುಮನೆಯ ಮುದಕವ್ವ. ಎಂಬತ್ತು ದಾಟಿದವಳು. ಹನ್ನೊಂದು ವರ್ಷದಿಂದ ಕೆಮ್ಮುತ್ತಿದ್ದರೂ, ತಾನು ಕೆಮ್ಮುತ್ತಿರುವುದು ಅವಳ ಗಮನಕ್ಕೆ ಬಂದದ್ದು ಗುರುವಾರವೇ. ಹೊಸ್ತಿಲ ಹೊರಗೆ ನಿಂತು ಕೈ ಚಾಚಿದಳು.

"ಶಿವಲಿಂಗ, ನಿನಗ ಜ್ವರಾ ಇಳಿದಾವಂತ. ಆ ಗುಳಿಗಿ ನನಗೂ ಒಂದು ಕೊಡು. ಸಾಯಾಕ ಹೆದರಿಕಿಲ್ಲ, ಉಸರು ಕಟ್ಟಿ ಸಾಯೂದು ಬ್ಯಾಡ."

ನಿಜಕ್ಕೂ ಅಂದು ಬೆಳಿಗ್ಗೆ ಶಿವಲಿಂಗಪ್ಪನ ಜ್ವರ ಇಳಿದಿತ್ತು. ಆರು ಗುಳಿಗೆ ನುಂಗಿದ್ದ, ಎದೆ ಹಗುರಾಗಿತ್ತು. ತಾನು ಪಾರಾದೆ, ಉಳಿದವರು ಒಳಗೇ ಸಿಕ್ಕಿಬಿದ್ದರು ಎಂಬ ಅಳುಕು ಅವನನ್ನು ತಿನ್ನುತ್ತಿತ್ತು. ಅವನು ಮುದುಕಿಗೆ ಒಂದು ಗುಳಿಗೆ ಕೊಟ್ಟ. ಅವಳು ಅದನ್ನು ಅಲ್ಲೇ ನುಂಗಿ, ಅರ್ಧ ಓಣಿಗೆ ಹೇಳಿ, ಮನೆಗೆ ಹೋದಳು. ಆಮೇಲೆ ಒಬ್ಬೊಬ್ಬರೇ ಬಂದರು. ಕತ್ತರಿಯಿಂದ ಪಟ್ಟಿಯನ್ನು ಕತ್ತರಿಸಿ ಕೊಡುತ್ತ, ಉಂಡ ಮೇಲೆ ತಗೊಳ್ಳಿ, ಕಾಶೆವ್ವನ ಕಿವಿಗೆ ಮಾತ್ರ ಹಾಕಬೇಡಿ ಎಂದು ಶಿವಲಿಂಗಪ್ಪ ಗಂಭೀರವಾಗಿ ಸೂಚಿಸಿದ. ಕೊನೆಯ ಒಂದನ್ನು ತನಗೇ ಇಟ್ಟುಕೊಳ್ಳಬೇಕೆಂದಿದ್ದ. ಅಷ್ಟರಲ್ಲಿ ಲೋಕೇಶ ಬಂದು, ಹೆಂಡತಿ ಶಾಂತಾದೇವಿ ಹೆದರಿ ಊಟ ಬಿಟ್ಟಿದ್ದಾಳೆ, ಮದುವೆ ಮನೆ, ಏನಾದರೂ ಹೆಚ್ಚುಕಡಿಮೆಯಾದರೆ ಹೇಗೆ ಎಂದು ಮುಖ ಸಣ್ಣದು ಮಾಡಿಕೊಂಡು ನಿಂತ. ಮದುವೆಯನ್ನು ಎಲ್ಲಿ ಮಾಡುವುದು ಎಂದೂ ಕೇಳಿದ. ಗಿರಣಿಯ ಮುಂದಿನ ಬಯಲಿನಲ್ಲಿ ಚಪ್ಪರ ಹಾಕೋಣ ಎಂದು ಹೇಳಿ, ಶಿವಲಿಂಗಪ್ಪ ಹದಿನೈದನೆಯ ಗುಳಿಗೆಯನ್ನು ತಮ್ಮನ ಕೈಯಲ್ಲಿಟ್ಟ. ಖಾಲಿ ಪಟ್ಟಿಗಳನ್ನು ಕಾಶೆವ್ವನಿಗೆ ಕಾಣದಂತೆ ಗಿರಣಿಯ ಹಳೇ ಬೆಲ್ಟಿನ ಕೆಳಗೆ ತುರುಕಿದ.

ಶುಕ್ರವಾರ ಬೆಳಿಗ್ಗೆ ಶಾಂತಾದೇವಿಯ ಮುಖ, ಕುತ್ತಿಗೆ, ತೋಳುಗಳ ಮೇಲೆಲ್ಲ ಕೆಂಪು ದದ್ದು ಎದ್ದಿತು. ತುಟಿ ಬಾತಿತ್ತು. ಅವಳು ಕನ್ನಡಿಯ ಮುಂದೆ ಕುಳಿತು ಸದ್ದಿಲ್ಲದೆ ಅತ್ತಳು. ಹತ್ತಿತು ಎಂದು ಓಣಿ ತೀರ್ಮಾನಿಸಿತು.

ಇದಕ್ಕಿಂತ ಕೆಟ್ಟದ್ದು ಮುಂಡಗೋಡದಲ್ಲಿ ನಡೆಯುತ್ತಿತ್ತು. ವರನ ತಂದೆ ಸಂಜೀವಕುಮಾರ ಅಲ್ಲಿ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ನೋಟೀಸಿನ ಫೋಟೋ ಅವರ ಫೋನಿಗೂ ಬಂದಿತ್ತು. ಹಳಿಯಾಳದ ಓಣಿಯವರು ಭವನವನ್ನು ಸಮುದಾಯ ಎನ್ನುತ್ತಾರೆಂದು ಮುಂಡಗೋಡದವರಿಗೆ ಹೇಗೆ ಗೊತ್ತಾಗಬೇಕು? ಕನ್ನಡ ಕಲಿಸಿದ ಮಾಸ್ತರರು ಆ ಸಾಲನ್ನು ಮೂರು ಸಲ ಓದಿದರು. ಹಳಿಯಾಳದ ನಮ್ಮ ಸಮುದಾಯದಲ್ಲಿ ರೋಗ. ಸಂಪರ್ಕ ಇಟ್ಟುಕೊಳ್ಳತಕ್ಕದ್ದಲ್ಲ. ಬರೆದವನು ಹುಡುಗಿಯ ದೊಡ್ಡಪ್ಪನೇ. ಬೀಗರ ಮಂದಿಗೆ ವಂಶದಲ್ಲೇ ಎದೆಯ ರೋಗವಿದೆ, ದೊಡ್ಡಪ್ಪ ಒಬ್ಬ ಪ್ರಾಮಾಣಿಕ, ಒಪ್ಪಿಕೊಂಡುಬಿಟ್ಟಿದ್ದಾನೆ ಎಂದು ಅವರು ತಿಳಿದರು. ಆದರೂ ಒಮ್ಮೆ ಕೇಳೋಣವೆಂದು ಲೋಕೇಶನಿಗೆ ವಿಡಿಯೋ ಫೋನು ಮಾಡಿದರು. ಫೋನು ಎತ್ತಿದ್ದು ಶಾಂತಾದೇವಿ. ಬಾತ ಕೆಂಪು ಮುಖ ಪರದೆಯ ತುಂಬ ಬಂತು. ಮಾಸ್ತರರು ತಾವು ನಾಳೆ ಬರುವುದಾಗಿ ಹೇಳಿ ಫೋನು ಇಟ್ಟರು.

ಆ ಸಂಜೆಯ ಹೊತ್ತಿಗೆ ಶಿವಲಿಂಗಪ್ಪನಿಗೆ ಜ್ವರ ಮರಳಿತು. ಈ ಸಲ ಉಸಿರು ಎಳೆದಾಗಲೆಲ್ಲ ಬಲಪಕ್ಕೆಯಲ್ಲಿ ಚೂರಿ ಆಡಿಸಿದಂತೆ ನೋವು. ಗುಳಿಗೆ ತಗೊಂಡಿರಾ ಎಂದು ಕಾಶೆವ್ವ ಕೇಳಿದಾಗ ತಗೊಂಡೆ ಎಂದ. ಇಲ್ಲ ಎಂದರೆ ಉಳಿದವು ಎಲ್ಲಿ ಎಂದು ಕೇಳುತ್ತಾಳೆ. ದವಾಖಾನೆಗೆ ಹೋದರೆ ಡಾಕ್ಟರೂ ಅದನ್ನೇ ಕೇಳುತ್ತಾರೆ. ಅವನು ಕಂಬಳಿಯೊಳಗೆ ಮುಖ ಮುಚ್ಚಿ, ತನ್ನ ಉಸಿರನ್ನು ತಾನೇ ಎಣಿಸುತ್ತ ಮಲಗಿದ. ಎಣಿಸಿದಷ್ಟೂ ಅದು ಜೋರಾಗುತ್ತಿತ್ತು.

ಶನಿವಾರ ಹನ್ನೊಂದು ಗಂಟೆಗೆ ಮುಂಡಗೋಡದ ಕಾರು ಬಂದು ಸಮುದಾಯದ ಎದುರಿನ ರಸ್ತೆಯ ಆಚೆ ನಿಂತಿತು. ಸಂಜೀವಕುಮಾರ ಮಾಸ್ತರರು ಒಂದರ ಮೇಲೊಂದು ಎರಡು ಮಾಸ್ಕು ಹಾಕಿಕೊಂಡು ಇಳಿದರು, ಜೊತೆಗೆ ಇಬ್ಬರು ಹಿರಿಯರು. ಓಣಿಯ ಮಂದಿ ಈಚೆ ಬದಿಗೆ ಸೇರಿತು. ನಡುವೆ ರಸ್ತೆ. ಲೋಕೇಶ ಕೈಮುಗಿದು ಮನೆಗೆ ಕರೆದ. ಅವರು ಬರಲಿಲ್ಲ.

"ಲಗ್ನಾ ಮುರಿಯಾಕ ಬಂದಿಲ್ಲ" ಎಂದರು ಮಾಸ್ತರರು. "ಆದರ ನಮ್ಮ ಹುಡುಗ ನಿಮ್ಮ ಮನ್ಯಾಗ ಅಳ್ಯಾ ಆಗಿ ಉಣ್ಣಬೇಕು. ರೋಗ ಗ್ವಾಡ್ಯಾಗ ಐತೋ, ಮಂದ್ಯಾಗ ಐತೋ, ಅಷ್ಟ ನನಗ ತೋರಸ್ರಿ."

ಜನ ಶಿವಲಿಂಗಪ್ಪನ ಕಡೆ ತಿರುಗಿತು. ಅವನು ಗೋಡೆ ಹಿಡಿದು ನಿಂತಿದ್ದ. ಮಾಸ್ತರರ ಮಾತಿನಲ್ಲಿ ಗೋಡೆ ಎಂಬುದೊಂದು ಅವನಿಗೆ ಕೇಳಿಸಿತು. ಸುಮಿತಾ ದೂರದಲ್ಲಿ ಮನೆಯ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು, ಕೈಯಲ್ಲಿ ಹಸಿರು ಬಳೆ. ಆ ಹುಡುಗಿಯ ಮದುವೆ ನಿಲ್ಲುವುದಾದರೆ ತನ್ನಿಂದಲೇ ಎಂಬುದು ಅವನಿಗೆ ಯಾರೂ ಹೇಳದೆ ತಿಳಿದುಬಿಟ್ಟಿತು. ಮಂದಿಯಲ್ಲಿ ಏನೂ ಇಲ್ಲ, ಇದ್ದದ್ದೆಲ್ಲ ಒಳಗಿದೆ, ತೋರಿಸುತ್ತೇನೆ ಎಂದು ಕೀಲಿ ತೆಗೆದ.

ಬಾಗಿಲು ತೆರೆದಾಗ ಮೂರು ದಿನ ಮುಚ್ಚಿದ ಭವನದಿಂದ ಹುಳಿ ಮಜ್ಜಿಗೆಯ ವಾಸನೆ ಬಂತು. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಶಿವಲಿಂಗಪ್ಪ ಒಬ್ಬನೇ ಒಳಗೆ ನಡೆದ. ಹತ್ತು ಹೆಜ್ಜೆಗೆ ಉಸಿರು ಸಾಲದಾಯಿತು. ಬಾಯಿ ತೆರೆದ, ಗಾಳಿ ಬರಲಿಲ್ಲ. ಕಿಟಕಿ, ಕಂಬ, ಮಡಚಿಟ್ಟ ಕುರ್ಚಿಗಳು ಎಲ್ಲ ಹಳದಿಯಾದವು. ವೇದಿಕೆಯ ಮೆಟ್ಟಿಲಿಗೆ ಕೈಚಾಚಿದವನು ಅಲ್ಲೇ ಕುಸಿದು ಬಿದ್ದ.

ಹೊರಗಿದ್ದವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡಿದರು. ಮುಂಡಗೋಡದ ಹಿರಿಯರು ಕಾರಿನೊಳಗೆ ಕುಳಿತು ಗಾಜು ಏರಿಸಿದರು. ಲೋಕೇಶ ಅಣ್ಣನ ಹೆಸರು ಕೂಗುತ್ತ ಹೊಸ್ತಿಲವರೆಗೆ ಬಂದ. ಅಲ್ಲಿಂದ ಮುಂದೆ ಅವನ ಕಾಲು ಏಳಲಿಲ್ಲ. ಒಡಹುಟ್ಟಿದವನು ಇಪ್ಪತ್ತು ಅಡಿ ದೂರದಲ್ಲಿ ನೆಲದ ಮೇಲೆ ಬಾಯಿ ಬಿಡುತ್ತಿದ್ದಾನೆ, ತಾನು ಚೌಕಟ್ಟು ಹಿಡಿದು ನಿಂತಿದ್ದೇನೆ. ಆ ಗಳಿಗೆಯ ಮಾತನ್ನು ಲೋಕೇಶ ಮುಂದೆಂದೂ ಯಾರೊಂದಿಗೂ ಆಡಲಿಲ್ಲ.

ಸೈಕಲ್ ಅಂಗಡಿಯ ಜಗುಲಿಯಿಂದ ಲಾಲಪ್ಪ ಎದ್ದು ಬಂದ. ಮಾಸ್ಕು ಇಲ್ಲ, ಟವೆಲೂ ಇಲ್ಲ. ಲೋಕೇಶನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದ, ಶಿವಲಿಂಗಪ್ಪನನ್ನು ಜೋಳದ ಚೀಲದಂತೆ ಹೆಗಲಿಗೆ ಹಾಕಿಕೊಂಡು ಹೊರಬಂದ. ರಸ್ತೆಯಲ್ಲಿ ಇದ್ದದ್ದು ಒಂದೇ ವಾಹನ. ಅದರ ಮುಂದೆ ಹೋಗಿ ನಿಂತ.

"ಬಾಗಲಾ ತಗೀರಿ ಮಾಸ್ತರ್ರ."

ಸಂಜೀವಕುಮಾರ ಮಾಸ್ತರರು ಕಾರಿನ ಕಡೆ ನೋಡಿದರು, ಲಾಲಪ್ಪನ ಹೆಗಲ ಮೇಲೆ ನೀಲಿಗಟ್ಟಿದ ತುಟಿಗಳನ್ನು ನೋಡಿದರು. ಅವರಿಗೂ ಜೀವಭಯವಿತ್ತು. ಆದರೂ ಬಾಗಿಲು ತೆಗೆದರು. ಹಿರಿಯರಿಬ್ಬರೂ ಇನ್ನೊಂದು ಬಾಗಿಲಿನಿಂದ ವಯಸ್ಸಿಗೆ ಮೀರಿದ ಚುರುಕಿನಲ್ಲಿ ಇಳಿದರು.

ದವಾಖಾನೆಯಲ್ಲಿ ಬೆರಳಿಗೆ ಸಿಕ್ಕಿಸಿದ ಯಂತ್ರ ರಕ್ತದ ಆಕ್ಸಿಜನ್ ಎಂಬತ್ತೆರಡಕ್ಕೆ ಇಳಿದದ್ದನ್ನು ತೋರಿಸಿತು. ಡಾಕ್ಟರ್ ಸಹನಾ ಆಕ್ಸಿಜನ್ ಹಚ್ಚಿದಳು, ಕೈಗೆ ಸೂಜಿ ಚುಚ್ಚಿ ಔಷಧ ಹರಿಸಿದಳು. ಕಾಶೆವ್ವ ಉಂಡಿಯ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು. ಲೋಕೇಶ ಅವಳ ಹಿಂದೆ. ಗುಳಿಗೆ ಸರಿಯಾಗಿ ನುಂಗಿದ್ದರೆ ಹೀಗಾಗುತ್ತಿರಲಿಲ್ಲ, ಉಳಿದ ಗುಳಿಗೆ ತೋರಿಸಿ ಎಂದು ಡಾಕ್ಟರು ಕೇಳಿದಳು. ಮನೆಯಲ್ಲಿವೆ, ತರಿಸುತ್ತೇನೆ ಎಂದಳು ಕಾಶೆವ್ವ. ಆಕ್ಸಿಜನ್ ಮುಖವಾಡದೊಳಗಿಂದ ಒಂದು ಸಣ್ಣ ದನಿ ಬಂತು.

"ಇಲ್ಲ. ಹಂಚಿದೆ."

ಡಾಕ್ಟರು ಬಗ್ಗಿ, ಏನು ಮಾಡಿದಿರಿ ಎಂದಳು.

"ಹಂಚಿದೆ. ಒಬ್ಬೊಬ್ಬರಿಗೆ ಒಂದೊಂದು."

ಡಾಕ್ಟರ್ ಸಹನಾ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಯಾರ್ಯಾರಿಗೆ ಎಂದು ಕೇಳಿದಳು. ಶಿವಲಿಂಗಪ್ಪ ಉಸಿರಿಗೊಂದರಂತೆ ಹೆಸರು ಹೇಳಿದ. ಶಾಂತಾದೇವಿಯ ಹೆಸರು ಬಂದಾಗ ಲೋಕೇಶ ನಡುವೆ ಬಾಯಿಹಾಕಿ, ರೋಗ ಅವಳಿಗೂ ಹತ್ತಿದೆ, ಮೈಯೆಲ್ಲ ದದ್ದು, ತುಟಿ ಬಾತಿದೆ ಎಂದ. ಕೂತವಳು ಎದ್ದೇಬಿಟ್ಟಳು.

"ಅದು ರೋಗ ಅಲ್ಲ, ಆ ಗುಳಿಗಿ ಅವರಿಗೆ ಒಗ್ಗಿಲ್ಲ. ಈಗಿಂದೀಗ ಕರಕೊಂಡ ಬರ್ರಿ. ಇನ್ನೊಂದು ನುಂಗಿದ್ರ ಗಂಟಲಾ ಮುಚ್ಚತಿತ್ತು."

ಲೋಕೇಶ ಬೆಳ್ಳಗಾಗಿ ಹೋದ. ಅಣ್ಣನ ಕಡೆ ಇನ್ನೊಂದು ಗುಳಿಗೆ ಇದ್ದಿದ್ದರೆ ಅದನ್ನೂ ಒಯ್ಯಬೇಕೆಂದೇ ಅವನು ಶುಕ್ರವಾರ ಇಡೀ ದಿನ ಹೊಂಚುಹಾಕಿದ್ದ. ಅರ್ಧ ತಾಸಿನಲ್ಲಿ ಶಾಂತಾದೇವಿಗೆ ಇಂಜೆಕ್ಷನ್ ಆಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಳು, ಮುಟ್ಟಿ ಮುಟ್ಟಿ ತುಟಿ ನೋಡಿಕೊಂಡಳು.

ಭವನಕ್ಕೆ ಯಾಕೆ ಕೀಲಿ ಹಾಕಿದಿರಿ ಎಂದು ಡಾಕ್ಟರು ಗಟ್ಟಿಯಾಗಿ ಕೇಳಿದಾಗ ಶಿವಲಿಂಗಪ್ಪ, ನೀವೇ ಹೇಳಿದಿರಲ್ಲ, ಚೀಟಿಯಲ್ಲೂ ಬರೆದಿರಲ್ಲ ಎಂದ. ಅವಳಿಗೆ ಮೊದಲು ತಿಳಿಯಲಿಲ್ಲ. ಕಾಶೆವ್ವ ಗಂಡನ ಮುಖ ನೋಡಿದಳು. ಮೂವತ್ತು ವರ್ಷದ ಸಂಸಾರ, ಅವಳಿಗೆ ಒಮ್ಮೆಗೇ ಎಲ್ಲ ಹೊಳೆಯಿತು.

"ಅವರಿಗೆ ಕಿವಿ ಕೇಳಸೂದಿಲ್ರೀ ಡಾಕ್ಟರ್ ಬಾಯಾರ" ಎಂದಳು. ಊರಿಗೇ ಗೊತ್ತಿದ್ದರೂ ಅದು ಗಟ್ಟಿಯಾಗಿ ಹೊರಬಿದ್ದದ್ದು ಅದೇ ಮೊದಲು.

ಡಾಕ್ಟರ್ ಸಹನಾ ಮಾಸ್ಕನ್ನು ಗದ್ದಕ್ಕೆ ಇಳಿಸಿದಳು. ಅವನ ಕಿವಿಯ ಹತ್ತಿರ ಬಗ್ಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಕಾಕಾ, ಸಮುದಾಯ ಅಂದ್ರ ಆ ಕಟ್ಟಡ ಅಲ್ಲ. ಮನಿ, ಓಣಿ, ಸಂತಿ, ಬಸ್ಸು, ಎಲ್ಲಾನೂ. ದವಾಖಾನಿ ಒಂದು ಬಿಟ್ಟು ಉಳಿದ ಊರೆಲ್ಲಾ ಸಮುದಾಯನ. ಎಲ್ಲಿ ಹತ್ತೇತಿ ಅಂತ ಯಾರಿಗೂ ಹೇಳಾಕ ಬರೂದಿಲ್ಲ."

ಬಾಗಿಲ ಬಳಿ ನಿಂತಿದ್ದ ಸಂಜೀವಕುಮಾರ ಮಾಸ್ತರರು ಒಂದು ಪ್ರಶ್ನೆ ಕೇಳಬಹುದೇ ಎಂದರು. ಹಾಗಾದರೆ ಇದು ಇವರ ವಂಶದಲ್ಲಿ ಬಂದದ್ದಲ್ಲವೇ? ಅಲ್ಲ ಎಂದಳು ಡಾಕ್ಟರು. ಪಕ್ಕದಲ್ಲಿ ಕೆಮ್ಮಿದ ಯಾರಿಂದಲಾದರೂ ಬಂದಿರಬಹುದು, ಮುಂಡಗೋಡದ ಬಸ್ಸಿನಲ್ಲಿ ಬಂದವರಿಂದಲೂ. ಮುಂಡಗೋಡದ ಬಸ್ಸು ಯಾಕೆ ಎಂದು ಮಾಸ್ತರರು ಸ್ವಲ್ಪ ಬಿಗಿಯಾದರು. ಯಾವ ಬಸ್ಸಾದರೂ ಸರಿ ಎಂದು ಡಾಕ್ಟರು ತಿದ್ದಿಕೊಂಡಳು. ಅವರು ಒಪ್ಪಿದರು. ಮದುವೆ ನಾಳೆಯೇ, ಹೇಳಿದ ಹೊತ್ತಿಗೇ ಆಗುತ್ತದೆ ಎಂದು ಲೋಕೇಶನಿಗೆ ಹೇಳಿ, ದವಾಖಾನೆಯ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು ಹೋದರು.

ಮದುವೆ ಸಮುದಾಯದಲ್ಲೇ ಆಯಿತು. ಬಾಗಿಲ ಮೇಲಿನ ನೋಟೀಸು ಮಾತ್ರ ಹಾಗೇ ಇತ್ತು. ಹಚ್ಚಿದವರೇ ಬಂದು ಕೀಳುವವರೆಗೆ ನಾವು ಕೋಣೆಗೆ ಮರಳುವುದಿಲ್ಲ, ಬೇರೆ ಯಾರೂ ಅದನ್ನು ಮುಟ್ಟಬಾರದು ಎಂದು ಜಮುನಾಬಾಯಿ ಪಟ್ಟುಹಿಡಿದಿದ್ದಳು. ಆಡಿದ್ದು ಇದೊಂದೇ ಮಾತು, ಅದನ್ನು ಮೀರುವ ಧೈರ್ಯ ಓಣಿಯಲ್ಲಿ ಯಾರಿಗೂ ಬರಲಿಲ್ಲ. ಆದ್ದರಿಂದ ವರನ ದಿಬ್ಬಣ, ವಾಲಗ ಸಮೇತ, ಸಮುದಾಯದೊಂದಿಗೆ ಯಾವುದೇ ಸಂಪರ್ಕ ಇಟ್ಟುಕೊಳ್ಳತಕ್ಕದ್ದಲ್ಲ ಎಂಬ ಸಾಲಿನ ಕೆಳಗೇ ಹಾದು ಒಳಗೆ ಹೋಯಿತು. ಅಕ್ಷತೆ ಹಾಕುವ ಹೊತ್ತಿಗೆ ಸಂಜೀವಕುಮಾರ ಮಾಸ್ತರರಿಗೆ ಕೆಮ್ಮು ಬಂತು. ವಾಲಗ ನಿಂತಿತು. ಮುನ್ನೂರು ಜನ ಅಕ್ಷತೆ ಹಿಡಿದ ಕೈಯನ್ನು ಅಲ್ಲೇ ತಡೆದು ಅವರ ಕಡೆ ತಿರುಗಿದರು. ಅಡಿಕೆಯ ಚೂರು ಸಿಕ್ಕಿತ್ತು ಎಂದು ಅವರು ಬಾಯಿ ತೆರೆದು ಹತ್ತಿರದವರಿಗೆ ತೋರಿಸಿದ ಮೇಲೆಯೇ ಅಕ್ಷತೆ ಬಿದ್ದದ್ದು.

ಕಾಶೆವ್ವ ಮದುವೆಗೆ ಹೋಗಲಿಲ್ಲ. ಗಂಡನ ಬೆರಳಿನ ಯಂತ್ರವನ್ನೇ ನೋಡುತ್ತ ಕುಳಿತಿದ್ದಳು. ಇಂಗ್ಲಿಷ್ ಅಂಕಿ ಓದಲು ಬಾರದವಳು ನರ್ಸಿನ ಕಡೆಯಿಂದ ಎಂಟು, ಒಂಬತ್ತು ಎಂಬ ಎರಡನ್ನು ಕಲಿತುಕೊಂಡಿದ್ದಳು. ಮೊದಲ ಅಂಕಿ ಎಂಟಾದರೆ ಅವಳ ಮುಖ ಕಪ್ಪಾಗುತ್ತಿತ್ತು, ಒಂಬತ್ತಾದರೆ ಉಸಿರು ಬಿಡುತ್ತಿದ್ದಳು. ಶಿವಲಿಂಗಪ್ಪ ಯಂತ್ರವನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡಿ ತಿಳಿದುಕೊಳ್ಳುತ್ತಿದ್ದ.

"ನಾ ಉಳೀತೇನಿಲ್ಲ?" ಎಂದು ಕೇಳಿದ.

"ಉಳೀತೀರಿ" ಎಂದು ಅವಳು ಅವನ ಕಿವಿಯಲ್ಲಿ ಹೇಳಿದಳು. "ಉಳದ ಮ್ಯಾಲ ಐತಿ ನಿಮಗ."

ಆರನೆಯ ದಿನ ಡಾಕ್ಟರು ಮನೆಗೆ ಬಿಟ್ಟಳು, ಇನ್ನೂ ಐದು ದಿನದ ಗುಳಿಗೆ ಕೊಟ್ಟು. ಪ್ರತಿಯೊಂದನ್ನೂ ಸಾಕ್ಷಿಯ ಎದುರು ನುಂಗಬೇಕು ಎಂಬ ಶರತ್ತು ಹಾಕಿದಳು. ಅವನು ಮನೆಗೆ ಹೋಗುವ ಮೊದಲು ಸಮುದಾಯಕ್ಕೆ ಹೋದ. ಲಾಲಪ್ಪ ಕುರ್ಚಿ ಹಿಡಿದ, ಶಿವಲಿಂಗಪ್ಪ ಹತ್ತಿ ನೋಟೀಸನ್ನು ಕಿತ್ತ. ಅಂಟು ಗಟ್ಟಿಯಾಗಿ ಹಾಕಿದ್ದ, ಬಹಳ ಹೊತ್ತು ಹಿಡಿಯಿತು. ಜಮುನಾಬಾಯಿ ಜಗುಲಿಯಿಂದ ನೋಡುತ್ತಿದ್ದಳು. ಕೊನೆಯ ಚೂರು ಬಂದ ಮೇಲೆ ಸ್ಟೋವನ್ನು ಎತ್ತಿಕೊಂಡು ಒಳಗೆ ನಡೆದಳು.

ಸಾಕ್ಷಿಯ ಕೆಲಸವನ್ನು ಮುದಕವ್ವ ಕೇಳದೆಯೇ ವಹಿಸಿಕೊಂಡಳು. ದಿನಕ್ಕೆ ಮೂರು ಸಲ ಕೋಲೂರಿಕೊಂಡು ಬಂದು, ಅವನು ನುಂಗಿದ ಮೇಲೆ ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡಿ ಹೋಗುತ್ತಿದ್ದಳು. ಕೊನೆಯ ಗುಳಿಗೆಯ ದಿನ ಅವಳೇ ಎಂದಿಗಿಂತ ಜೋರಾಗಿ ಕೆಮ್ಮುತ್ತ ಬಂದಳು. ಮೈ ಬಿಸಿ ಇತ್ತು. ಹೊಸ್ತಿಲಲ್ಲಿ ನಿಂತವಳು ಈ ಸಲ ಕೈ ಚಾಚಲಿಲ್ಲ.

"ನನಗ ಹೆದರಿಕಿ ಆಗೇತಿ. ಆ ಡಾಕ್ಟರ್ ಹುಡುಗಿ ಕಡೆ ಕರಕೊಂಡ ಹೋಗು" ಎಂದಳು.

ಶಿವಲಿಂಗಪ್ಪನಿಗೂ ಹೆದರಿಕೆಯಾಯಿತು. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದ. ಡಾಕ್ಟರ್ ಸಹನಾ ಎದೆಯನ್ನು ಹಿಂದೆ ಮುಂದೆ ಕೇಳಿದಳು, ಬೆರಳಿಗೆ ಯಂತ್ರ ಹಚ್ಚಿದಳು, ಎಕ್ಸ್‌ರೇ ತೆಗೆಸಿದಳು. ಎದೆ ಸ್ವಚ್ಛವಿದೆ, ಇದು ಬರೀ ನೆಗಡಿಯ ಜ್ವರ, ಬಿಸಿ ಗಂಜಿ ಕುಡಿದು ಮೂರು ದಿನ ಮಲಗಿದರೆ ತಾನೇ ಹೋಗುತ್ತದೆ, ಆ ಗುಳಿಗೆ ಬೇಕಿಲ್ಲ, ಜ್ವರ ಬಿಡದಿದ್ದರೆ ಮತ್ತೆ ಬನ್ನಿ ಎಂದಳು.

ಮುದಕವ್ವನಿಗೆ ಇದು ದೊಡ್ಡ ಅವಮಾನವಾಯಿತು. ಅವನಿಗೆ ಬುಟ್ಟಿಗಟ್ಟಲೆ ಕೊಟ್ಟು ತನಗೊಂದೂ ಇಲ್ಲವೇ ಎಂದಳು. ಇಲ್ಲ ಎಂದಳು ಡಾಕ್ಟರು, ನಗುತ್ತಲೇ. ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿ, ಆಟೋವನ್ನೂ ಕಾಯದೆ, ಬಸ್‌ಸ್ಟ್ಯಾಂಡಿನ ದಾರಿ ಹಿಡಿದು ನಡೆದೇಬಿಟ್ಟಳು. ಶಿವಲಿಂಗಪ್ಪ ಹಿಂದಿನಿಂದ ಕೂಗುತ್ತ ಹೋದ. ಐವತ್ತು ಹೆಜ್ಜೆಗೆ ಅವನ ಎದೆ ಏರಿಳಿಯತೊಡಗಿತು. ಕಬ್ಬಿನ ಟ್ರ್ಯಾಕ್ಟರುಗಳು ಹಾದುಹೋಗುವ ಆ ರಸ್ತೆಯ ಬದಿಯ ಕಲ್ಲುಬೆಂಚಿನ ಮೇಲೆ ಅವನು ಕುಸಿದು ಕುಳಿತ. ಕಣ್ಣು ಮುಚ್ಚಿ, ಉಸಿರು ಎಳೆದು ನೋಡಿದ. ಬಂತು. ಇನ್ನೊಂದು ಎಳೆದ. ಅದೂ ಬಂತು.

ಕಣ್ಣು ತೆರೆದಾಗ ಮುದಕವ್ವ ಹೋದ ದಾರಿಯಲ್ಲೇ ತಿರುಗಿ ಬರುತ್ತಿದ್ದಳು. ಕೋಲನ್ನು ಬೆಂಚಿಗೆ ಒರಗಿಸಿ, ಅವನ ಪಕ್ಕ ಅಂಟಿಕೊಂಡೇ ಕುಳಿತು, ಒಂದು ಸಲ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕುಂಡ್ರು, ಗಡಬಡಿ ಇಲ್ಲ" ಎಂದಳು. "ನಿನ್ನ ಉಸರು ಹತ್ತಲಿ. ಆಮ್ಯಾಲ ಹೋಗೂಣು."